ಮೂರನೆಯ ಕಾಲಂ

ಬೆಳಿಗ್ಗೆ ಹತ್ತೂಕಾಲಿಗೆ ಅವನ ಕೈ ನಡುಗಿತು. ಬೇರೆಯವರ ಕೈ ನಡುಗಿದರೆ ಲೋಟದ ಕಾಫಿ ಚೆಲ್ಲುತ್ತದೆ, ಒಂದು ಬೈಗುಳ, ಒಂದು ಒರೆಸುವ ಬಟ್ಟೆ, ಅಲ್ಲಿಗೆ ಮುಗಿಯಿತು. ಅವನ ಕೈಯಲ್ಲಿದ್ದದ್ದು ಕೂದಲಿಗಿಂತ ತೆಳ್ಳಗಿನ ಗಾಜಿನ ಸೂಜಿ, ಸೂಜಿಯ ತುದಿಗೆ ಇಲಿಯ ಒಂದು ಭ್ರೂಣ, ಒಂದೂವರೆ ದಿನದ್ದು, ಎರಡೇ ಎರಡು ಕೋಶಗಳು ಅಂಟಿಕೊಂಡು ಕೂತ ಒಂದು ಗುಳ್ಳೆ. ಎರಡರಲ್ಲಿ ಒಂದಕ್ಕೆ ಕೆಂಪು ಬಣ್ಣ ಚುಚ್ಚಿ, ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು, ಮೂರು ದಿನ ಬಿಟ್ಟು ನೋಡಬೇಕು. ಅಷ್ಟರಲ್ಲಿ ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ, ಹೆಚ್ಚುತ್ತ ಹೋಗಿ ಕೆಲವು ಒಳಗೆ ಸಿಕ್ಕಿಕೊಂಡಿರುತ್ತವೆ, ಉಳಿದವು ಹೊರಗೆ. ಒಳಗಿನವು ಮರಿಯಾಗುತ್ತವೆ. ಹೊರಗಿನವು ಮಾಸಾಗುತ್ತವೆ, ಮರಿಗೆ ಉಣಿಸುತ್ತವೆ, ಹೆತ್ತ ದಿನವೇ ಬಿದ್ದುಹೋಗುತ್ತವೆ. ಕೆಂಪು ಎಲ್ಲಿಗೆ ಹೋಯಿತು ಎಂದು ಎಣಿಸುವುದು ಅವನ ಕೆಲಸ. ಇಪ್ಪತ್ತೆಂಟು ವರ್ಷದಿಂದ ಅದನ್ನೇ ಮಾಡುತ್ತಿದ್ದ. ಇವತ್ತು ಸೂಜಿ ಒಂದು ಎಳೆಯಷ್ಟು ಆಚೆ ಸರಿಯಿತು, ಗುಳ್ಳೆ ಒಡೆಯಿತು, ಒಳಗಿದ್ದದ್ದು ಮಸುಕಾಗಿ ಹರಡಿಕೊಂಡಿತು.

"ಪರವಾಗಿಲ್ಲ ಅಂಕಲ್, ಇನ್ನೂ ಹನ್ನೊಂದು ಇದಾವಲ್ಲ" ಎಂದಳು ಪಕ್ಕದಲ್ಲಿ ಕೂತಿದ್ದ ಸಂಶೋಧನೆಯ ಹುಡುಗಿ. ಹೇಳಿ, ತಾನು ನೋಡಲೇ ಇಲ್ಲವೆಂಬಂತೆ ಕಿಟಕಿಯ ಕಡೆ ತಿರುಗಿದಳು. ಆ ತಿರುಗಿದ್ದಕ್ಕೆ ಅವನಿಗೆ ಮೈಯೆಲ್ಲ ಉರಿಯಿತು. ನಕ್ಕಿದ್ದರೆ ತಡೆದುಕೊಳ್ಳಬಹುದಿತ್ತು. ಅಂಕಲ್ ಅಂತೆ. ಇವಳಿಗೆ ಸೂಜಿ ಹಿಡಿಯುವುದನ್ನು ಕಲಿಸಿದ್ದು ಅವನು, ಉಸಿರು ಬಿಗಿಹಿಡಿದು ಬೆರಳಿನ ತುದಿಯಿಂದಲ್ಲ ಮೊಣಕೈಯಿಂದ ಸರಿಸಬೇಕು ಎಂದು ತೋರಿಸಿದ್ದು ಅವನು. ನಾಲ್ಕು ವರ್ಷದ ಹಿಂದೆ ಬಂದಾಗ ದಿನಕ್ಕೆ ಹತ್ತು ಒಡೆಯುತ್ತಿದ್ದಳು. ಆಗ ಅವನು ಯಾವ ಕಿಟಕಿಯ ಕಡೆಯೂ ತಿರುಗಿರಲಿಲ್ಲ, ಒಡೆದದ್ದನ್ನೆಲ್ಲ ಗಟ್ಟಿಯಾಗಿ ಎಣಿಸಿ ಹೇಳಿದ್ದ. ಹಾಗೆ ಎಣಿಸಿ ಹೇಳುವುದೇ ಕಲಿಸುವ ರೀತಿ ಎಂದು ಅವನು ಇವತ್ತಿಗೂ ನಂಬಿದ್ದಾನೆ. ಅವನು ಸೂಜಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಏನೋ ನೆನಪಾದವನಂತೆ ಎದ್ದು ಹೊರಗೆ ಬಂದ. ಕಾರಿಡಾರಿನಲ್ಲಿ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ನಿಂತ. ಅದು ಈಗ ನಡುಗುತ್ತಿರಲಿಲ್ಲ. ಮಾನ ಕಳೆಯುವಷ್ಟು ಹೊತ್ತು ನಡುಗಿ ಸುಮ್ಮನಾಗಿತ್ತು.

ಮೇಡಂ ಕರೆಯುತ್ತಿದ್ದಾರೆ ಎಂದು ಗುಮಾಸ್ತ ಹೇಳಿದ. ಮೇಡಂ ಈ ವಿಭಾಗದ ಮುಖ್ಯಸ್ಥೆ, ಅವನಿಗಿಂತ ಐದು ವರ್ಷ ಚಿಕ್ಕವರು. ಯಾರೇ ಬಂದರೂ ಅವನ ಭುಜ ತಟ್ಟಿ "ಇವರು ನಮ್ಮ ಬಂಗಾರದ ಕೈ" ಎಂದು ಪರಿಚಯಿಸುತ್ತಿದ್ದರು. ಬಂದವರು ಕೈಯನ್ನು ನೋಡುತ್ತಿದ್ದರು, ಮುಖವನ್ನಲ್ಲ. ಮೇಡಂ ಬರೆದ ಹನ್ನೆರಡು ಲೇಖನಗಳಲ್ಲೂ ಕೊನೆಯ ಪುಟದಲ್ಲಿ, ಇಲಿಗಳನ್ನು ಸಾಕುವವನ ಹೆಸರಿನ ನಂತರ, ಅವನಿಗೆ ಕೃತಜ್ಞತೆ ಇತ್ತು. ಇವತ್ತು ಅವರು "ಕೂತ್ಕೊಳ್ಳಿ" ಎಂದರು. ಈ ಕೋಣೆಯಲ್ಲಿ ಅವನನ್ನು ಕೂರಿಸಿದ್ದು ಹೆಂಡತಿ ತೀರಿಕೊಂಡಾಗ ಒಮ್ಮೆ ಮಾತ್ರ, ಆದ್ದರಿಂದ ಏನೋ ಕೆಟ್ಟದ್ದೇ ಇರಬೇಕೆಂದು ಅವನಿಗೆ ಕುರ್ಚಿಯ ಅಂಚಿಗೆ ಕೂರುವಾಗಲೇ ಹೊಳೆಯಿತು.

"ಹುಡುಗಿ ಮತ್ತೆ ಎಣಿಸಿದಾಳೆ, ಗೊತ್ತಲ್ಲ" ಎಂದರು ಮೇಡಂ. "ನಮ್ಮ ಹಳೇ ಭ್ರೂಣಗಳ ಫೋಟೋಗಳನ್ನೇ ಇಟ್ಕೊಂಡು. ಮೊದಲು ಎರಡಾಗೋ ಕೋಶದ ಸಂತಾನ ಒಳಗೇ ಹೋಗುತ್ತೆ ಅಂತ ನಾವು ಒಂಬತ್ತು ವರ್ಷದಿಂದ ಹೇಳ್ತಾ ಬಂದಿದೀವಿ. ಇವಳ ಲೆಕ್ಕದಲ್ಲಿ ಅರ್ಧಕ್ಕರ್ಧ. ಒಳಗೂ ಹೋಗಬಹುದಂತೆ, ಹೊರಗೂ ಹೋಗಬಹುದಂತೆ. ಎಲ್ಲಿ ಜಾಗ ಸಿಗುತ್ತೋ ಅದಾಗುತ್ತಂತೆ."

"ಅವಳಿಗೆ ಎಣಿಸೋಕೆ ಬರಲ್ಲ" ಎಂದ ಅವನು.

"ಎಣಿಸಿದ್ದು ಅವಳಲ್ಲ. ಯಾವ ಫೋಟೋ ಯಾವ ಗುಂಪಿನದು ಅಂತ ಗೊತ್ತಿಲ್ಲದೋರು ಎಣಿಸಬೇಕು ಅನ್ನೋದು ನಿಯಮ. ಇವಳು ಏನೇನೂ ಗೊತ್ತಿಲ್ಲದೋರನ್ನೇ ಹಿಡ್ಕೊಂಡು ಬಂದಿದಾಳೆ." ಮೇಡಂ ತಮ್ಮ ಮಾತಿಗೆ ತಾವೇ ಸ್ವಲ್ಪ ನಕ್ಕರು. "ನಿಮಗೆ ಮನೇಲಿ ಹೇಳಿಲ್ವಾ? ನಿಮ್ಮ ಮಗಳೇ."

ಅವನಿಗೆ ಕಿವಿಯ ಹಿಂದೆ ಬಿಸಿಯಾಗುವುದು ತಿಳಿಯುತ್ತಿತ್ತು. ಮೇಡಂ ಒಂದು ಬಿಳಿ ಹಾಳೆಯನ್ನು ಅವನ ಕಡೆ ತಳ್ಳಿದರು. ಎರಡೇ ಸಾಲು ಬರೆದುಕೊಡಬೇಕು. ನಿಮ್ಮ ಎಣಿಕೆ ಯಾವ ಗುಂಪೆಂದು ತಿಳಿಯದೆ, ಕಣ್ಣು ಕಟ್ಟಿಕೊಂಡೇ ಮಾಡಿದ್ದು ಅಂತ ಒಂದು. ಎರಡನೇ ಸಲ ಎಣಿಸಿದವಳಿಗೆ ಈ ಕೆಲಸದ ತಿಳಿವಳಿಕೆ ಇಲ್ಲ ಅಂತ ಇನ್ನೊಂದು. "ತಂದೆಯೇ ಬರೆದ ಮೇಲೆ ಯಾರೇನು ಕೇಳ್ತಾರೆ? ಐದು ಗಂಟೆ ಒಳಗೆ ಸಂಸ್ಥೆಯ ಸಮಿತಿಗೆ ಕಳಿಸಬೇಕು. ಹುಡುಗಿ ಬೇರೆ ವಿಷಯ ಹುಡುಕ್ಕೊಳ್ಳಲಿ, ಇನ್ನೂ ವಯಸ್ಸಿದೆ. ತೊಳೆಯೋ ಕೋಣೆಯವರು ಮೈಕ್ರೋಸ್ಕೋಪ್ ಮುಟ್ಟಿದ್ದನ್ನ ನಾನೇನೂ ದೊಡ್ಡದು ಮಾಡಲ್ಲ, ಬಿಡಿ."

ಬಿಡಿ ಎಂದ ಮೇಲೆ ಅದು ಬಿಟ್ಟದ್ದಲ್ಲ, ಹಿಡಿದದ್ದು. ಅಷ್ಟು ತಿಳಿಯದಷ್ಟು ಅವನು ದಡ್ಡನಲ್ಲ. ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೊರಬಂದ. ದೊಡ್ಡವಳು. ಅವಳಿ ಮಕ್ಕಳಲ್ಲಿ ಹನ್ನೊಂದು ನಿಮಿಷಕ್ಕೆ ದೊಡ್ಡವಳು. ಒಂದೇ ಮೊಟ್ಟೆ ಎರಡಾದದ್ದು, ಹೆತ್ತ ತಾಯಿಯೂ ಎಷ್ಟೋ ದಿನ ಒಬ್ಬಳಿಗೇ ಎರಡು ಸಲ ಹಾಲು ಕುಡಿಸಿ ಇನ್ನೊಬ್ಬಳನ್ನು ಅಳಲು ಬಿಟ್ಟಿದ್ದಳು. ಚಿಕ್ಕವಳು ಈಗ ಬೇರೆ ಊರಿನಲ್ಲಿ ಕಣ್ಣಿನ ಡಾಕ್ಟರು, ಭಾನುವಾರ ಹನ್ನೊಂದಕ್ಕೆ ಫೋನು ಮಾಡುತ್ತಾಳೆ. ದೊಡ್ಡವಳು ಇದೇ ಕಟ್ಟಡದ ಕೆಳ ಅಂತಸ್ತಿನಲ್ಲಿ ಬಾಟಲಿ ತೊಳೆಯುತ್ತಾಳೆ. ಆ ಕೆಲಸವನ್ನು ಕೊಡಿಸಿದ್ದೂ ಅವನೇ, ಮೇಡಂ ಮುಂದೆ ಕೈಕಟ್ಟಿ ನಿಂತು, "ಅವಳಿಗೆ ಓದು ಹತ್ತಲಿಲ್ಲ ಮೇಡಂ, ಪಾತ್ರೆಪಗಡ ಚೆನ್ನಾಗಿ ತೊಳೀತಾಳೆ" ಎಂದು ಹೇಳಿ. ಆ ಮಾತು ಅವತ್ತು ನಾಲಿಗೆಯಿಂದ ಎಷ್ಟು ಸಲೀಸಾಗಿ ಇಳಿದಿತ್ತು. ಈಗ ಮೆಟ್ಟಿಲ ಹತ್ತಿರ ನಿಂತಾಗ ಅದು ಮತ್ತೆ ನೆನಪಾಯಿತು, ಅದಕ್ಕೂ ಅವನಿಗೆ ಸಿಟ್ಟೇ ಬಂತು. ತನ್ನ ಬೆನ್ನ ಹಿಂದೆ ಅವಳು ಮೈಕ್ರೋಸ್ಕೋಪಿಗೆ ಕಣ್ಣಿಟ್ಟಿದ್ದಳು, ಮನೆಗೆ ಬಂದು ಏನೂ ಆಗದವಳಂತೆ ತಟ್ಟೆ ಇಟ್ಟಿದ್ದಳು. ಎಷ್ಟು ತಿಂಗಳಿಂದ?

ಎಣಿಕೆಯ ಹಾಳೆಗಳು ಹುಡುಗಿಯ ಮೇಜಿನ ಮೇಲೆ ತೆರೆದೇ ಬಿದ್ದಿದ್ದವು. ಅವಳು ಅಲ್ಲಿರಲಿಲ್ಲ. ಅಕ್ಷರ ಗುರುತಾಗಲು ಎರಡನೇ ನೋಟ ಬೇಕಾಗಲಿಲ್ಲ. ಹಾಲಿನವನ ಲೆಕ್ಕ, ಅಗಸನ ಲೆಕ್ಕ ಬರೆಯುವ ಮಗಳ ಅದೇ ದುಂಡು ಅಕ್ಷರ. ಒಳಗೆ ಎಂದು ಒಂದು ಕಾಲಂ, ಹೊರಗೆ ಎಂದು ಇನ್ನೊಂದು. ಅವನ ಎಣಿಕೆಯ ಪುಸ್ತಕಗಳಲ್ಲೂ ಇದ್ದದ್ದು ಅವೆರಡೇ. ಇವಳು ತನ್ನ ಹಾಳೆಯಲ್ಲಿ ಸ್ಕೇಲಿಟ್ಟು ಗೆರೆ ಎಳೆದು ಮೂರನೆಯದೊಂದು ಮಾಡಿದ್ದಳು. ಅದರ ನೆತ್ತಿಯ ಮೇಲೆ ಬರೆದಿತ್ತು, ಗೊತ್ತಿಲ್ಲ. ಒಂದೊಂದು ಭ್ರೂಣಕ್ಕೂ ಆ ಕಾಲಂನಲ್ಲಿ ಒಂದು, ಎರಡು, ಕೆಲವಕ್ಕೆ ಮೂರು. ಅವನಿಗೆ ಆ ಶಬ್ದವನ್ನು ಓದಿ ಕೆನ್ನೆಗೆ ಬಿಗಿದಂತಾಯಿತು. ಯಾಕೆಂದರೆ ಅದು ಅವನೇ ಅವಳಿಗಿಟ್ಟ ಹೆಸರು. ಮನೆಗೆ ಯಾರು ಬಂದರೂ, ಚಿಕ್ಕವಳ ಅಂಕಪಟ್ಟಿ ಕೈಯಿಂದ ಕೈಗೆ ಹೋಗುವಾಗ, ನೀರಿನ ಲೋಟ ತಂದಿಟ್ಟವಳನ್ನು ತೋರಿಸಿ "ಇವಳು ನಮ್ಮ ಗೊತ್ತಿಲ್ಲಮ್ಮ" ಎನ್ನುತ್ತಿದ್ದ. ಬಂದವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಒಂದು ವಯಸ್ಸಿನವರೆಗೆ.

ಆ ಹೆಸರು ಹುಟ್ಟಿದಾಗ ಇಬ್ಬರಿಗೂ ಆರು ವರ್ಷ. ಸಂಸ್ಥೆಯದೇ ಶಾಲೆ, ಅವನ ದರ್ಜೆಯ ನೌಕರರಿಗೆ ಮನೆಗೊಂದೇ ಸೀಟು. ಉದ್ದ ಬೆಂಚಿನ ಮೇಲೆ ಅವನು, ನಡುವೆ ಚಿಕ್ಕವಳು, ಆಚೆ ಹೆಂಡತಿ, ಹೆಂಡತಿಯ ಆಚೆ ಬೆಂಚಿನ ತುದಿಗೆ ದೊಡ್ಡವಳು, ಒಂದು ಮಗ್ಗುಲು ಖಾಲಿ. ಒಳಗೆ ಟೀಚರಮ್ಮ ಒಂದು ಚಿತ್ರ ತೋರಿಸಿದರು. ಒಂದು ಮನೆ, ಮನೆಗೊಂದು ಬಾಗಿಲು, ಹೊಸ್ತಿಲ ಮೇಲೆ ಒಂದು ಬೆಕ್ಕು, ಮುಂಗಾಲು ಆಚೆ, ಹಿಂಗಾಲು ಈಚೆ. ಬೆಕ್ಕು ಒಳಗಿದೆಯೋ ಹೊರಗಿದೆಯೋ? ಒಳಗೆ, ಎಂದಳು ಚಿಕ್ಕವಳು, ಪ್ರಶ್ನೆ ಮುಗಿಯುವ ಮೊದಲೇ. ದೊಡ್ಡವಳು ನೋಡಿದಳು. ನೋಡುತ್ತಲೇ ಇದ್ದಳು. ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡಳು, ತಲೆಯನ್ನು ಒಂದು ಕಡೆಗೆ ವಾಲಿಸಿದಳು, ಗಡಿಯಾರದ ಮುಳ್ಳಿನ ಸದ್ದು ಕೇಳುತ್ತಿತ್ತು, ಅವನಿಗೆ ಬೆವರು ಬಂತು. ಕೊನೆಗೆ "ಗೊತ್ತಿಲ್ಲ" ಎಂದಳು. ಟೀಚರಮ್ಮ ಅವನ ಮುಖ ನೋಡಿ ನಕ್ಕರು. ಬೆಳೆಯುವ ಸಿರಿ ಮೊಳಕೆಯಲ್ಲೇ ಅಂತಾರಲ್ಲ, ಎಂದರು. ಅವನೂ ನಕ್ಕ. ಮಗಳ ಎದುರಿಗೇ, ಟೀಚರಮ್ಮನ ಜೊತೆ ಸೇರಿ, ಹಲ್ಲು ಕಾಣುವಂತೆ ನಕ್ಕ. ಇನ್ನೊಂದು ವರ್ಷ ಕಾಯೋಣ, ಬೇರೆ ಶಾಲೇಲಿ ಇಬ್ಬರನ್ನೂ ಒಟ್ಟಿಗೆ ಸೇರಿಸೋಣ, ಎಂದು ಹೆಂಡತಿ ಮನೆಗೆ ಬಂದು ಹೇಳಿದಳು. ಅವನು ಆ ಗಾದೆಯನ್ನೇ ಅವಳ ಮುಖಕ್ಕೆ ಎಸೆದ. ದೊಡ್ಡವಳು ಓಣಿಯ ಶಾಲೆಗೆ ಹೋದಳು, ಅಲ್ಲಿ ಒಂದು ಕೋಣೆಗೆ ಮೂರು ತರಗತಿ. ಅವಳಿಗೆ ಹನ್ನೆರಡಾಗಿದ್ದಾಗ ಹೆಂಡತಿ ತೀರಿಕೊಂಡಳು, ಒಲೆಯ ಮುಂದೆ ಯಾರಾದರೂ ನಿಲ್ಲಬೇಕಲ್ಲ, ಚಿಕ್ಕವಳಿಗೆ ಪರೀಕ್ಷೆ ಇತ್ತು. ಚಿಕ್ಕವಳಿಗೆ ಯಾವಾಗಲೂ ಪರೀಕ್ಷೆ ಇರುತ್ತಿತ್ತು.

ಊಟದ ಹೊತ್ತಿಗೆ ಅವನು ಕೆಳಗಿಳಿದ. ತೊಳೆಯುವ ಕೋಣೆಯಲ್ಲಿ ಹಬೆ. ಬಾಟಲಿಗಳನ್ನು ಹಬೆಯಲ್ಲಿ ಬೇಯಿಸುವ ಉಕ್ಕಿನ ದೊಡ್ಡ ಪೆಟ್ಟಿಗೆ ಸುಯ್ಗುಡುತ್ತಿತ್ತು. ಮೊಣಕೈವರೆಗೆ ರಬ್ಬರ್ ಕೈಗವಸು ಹಾಕಿಕೊಂಡು ಅವಳು ಬಾಟಲಿಗಳನ್ನು ತಲೆಕೆಳಗಾಗಿ ಸಿಕ್ಕಿಸುತ್ತಿದ್ದಳು. ಮೂವತ್ಮೂರು ವರ್ಷ. ಅದೇ ಮೂಗು, ಅದೇ ಹುಬ್ಬು. ಚಿಕ್ಕವಳ ಮುಖವನ್ನೇ ಯಾರೋ ದಿನಾ ಸೋಡದಲ್ಲಿ ತೊಳೆದಂತಿತ್ತು.

"ಎಷ್ಟು ದಿನದಿಂದ ನಡೀತಿದೆ ಇದು?" ಎಂದ.

"ಯಾವುದು?"

"ನಾಟಕ ಆಡಬೇಡ. ಮೇಲೆ ಹೋಗಿ ಎಣಿಸ್ತಿದೀಯಂತೆ."

"ಏಳು ತಿಂಗಳು" ಎಂದಳು. ಕೈ ನಿಲ್ಲಲಿಲ್ಲ. "ಊಟದ ಹೊತ್ತಲ್ಲಿ ಮಾತ್ರ. ಕೆಲಸ ಬಿಟ್ಟು ಹೋಗಿಲ್ಲ."

"ನನಗೆ ಹೇಳಬೇಕು ಅನ್ನಿಸಲಿಲ್ವಾ?"

"ಹೇಳಿದ್ರೆ ನೀನು ನಗ್ತಿದ್ದೆ."

ಅವನು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ, ಯಾರೂ ಕೇಳದಿದ್ದರೂ ತನ್ನ ಎಣಿಕೆಯ ಸಮರ್ಥನೆಗೆ ಇಳಿದ. ಅಂಚಿನಲ್ಲಿರುವ ಕೋಶವನ್ನು ಹೇಗೆ ಗುರುತಿಸಬೇಕು, ಅರ್ಧಕ್ಕಿಂತ ಹೆಚ್ಚು ಮುಚ್ಚಿಕೊಂಡಿದ್ದರೆ ಒಳಗೆ, ತೆರೆದಿದ್ದರೆ ಹೊರಗೆ, ಅದಕ್ಕೆ ಅನುಭವ ಬೇಕು, ಗೊತ್ತಿಲ್ಲ ಎಂದು ಬರೆಯುವುದು ಸೋಮಾರಿಗಳ ಲಕ್ಷಣ. ಅವಳು ಕೊನೆಯ ಬಾಟಲಿ ಸಿಕ್ಕಿಸಿ, ಕೈಗವಸು ಕಳಚಿ, ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡಳು.

"ಅದು ಅವಾಗಷ್ಟೇ ಹೋಗ್ತಾ ಇರುತ್ತೆ ಅಪ್ಪ" ಎಂದಳು. "ಫೋಟೋ ಹಿಡಿದ ಗಳಿಗೇಲಿ ಅದು ಇನ್ನೂ ಯಾವ ಕಡೆಗೂ ಆಗಿಲ್ಲ. ಆಗದೇ ಇರೋದನ್ನ ಆಯ್ತು ಅಂತ ಹೆಂಗೆ ಬರೀಲಿ? ಬೆಕ್ಕೂ ಹಂಗೇ ಇತ್ತು."

"ಯಾವ ಬೆಕ್ಕು?" ಎಂದ. ಯಾವ ಬೆಕ್ಕು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಅವಳು ಅವನ ಡಬ್ಬಿಯನ್ನು ಬಿಚ್ಚಿ ಮುಂದಿಟ್ಟಳು. ಅವನು ನಿಂತುಕೊಂಡೇ ನಾಲ್ಕು ತುತ್ತು ತಿಂದು ಮೇಲೆ ಹೋದ.

ಮಧ್ಯಾಹ್ನವೆಲ್ಲ ಅವನು ಹಳೆಯ ಫೋಟೋಗಳನ್ನು ಹರಡಿಕೊಂಡು ಕೂತ. ಅವಳ ತಪ್ಪು ಹಿಡಿಯಬೇಕೆಂದೇ ಕೂತದ್ದು, ಅದರಲ್ಲಿ ಸಂಶಯ ಬೇಡ. ಮೊದಲನೆಯ ಭ್ರೂಣದಲ್ಲಿ ಒಂದು ಕೆಂಪು ಕೋಶವನ್ನು ಅವಳು ಗೊತ್ತಿಲ್ಲ ಎಂದಿದ್ದಳು, ಅವನ ಪುಸ್ತಕದಲ್ಲಿ ಒಳಗೆ ಎಂದಿತ್ತು. ಅವನು ಫೋಟೋ ನೋಡಿದ. ಕೋಶ ತನ್ನ ಅರ್ಧ ಮೈಯನ್ನು ನಡುವೆ ತೂರಿಸಿಕೊಂಡು, ಇನ್ನರ್ಧ ಹೊರಗೆ ಬಿಟ್ಟು, ಬಸ್ಸಿನ ಬಾಗಿಲಲ್ಲಿ ನೇತಾಡುವವನಂತೆ ಇತ್ತು. ಒಳಗೆ ಎಂದು ಹೇಗೆ ಬರೆದೆ? ಎರಡನೆಯದು. ಮೂರನೆಯದು. ನಲವತ್ತು ದಾಟುವಷ್ಟರಲ್ಲಿ ಅವನು ತನ್ನ ಪುಸ್ತಕವನ್ನೂ ಅವಳ ಹಾಳೆಯನ್ನೂ ಪಕ್ಕಪಕ್ಕ ಇಟ್ಟುಕೊಂಡ. ಅವನ ಪುಸ್ತಕದಲ್ಲಿ ಸಂಶಯದ ಕೋಶಗಳೆಲ್ಲ ಮೇಡಂ ಹೇಳುವ ಸಿದ್ಧಾಂತದ ಕಡೆಗೇ ವಾಲಿದ್ದವು. ಮೊದಲು ಎರಡಾದ ಕೋಶಕ್ಕೆ ಬಣ್ಣ ಹಾಕಿದವುಗಳಲ್ಲಿ ಒಳಗೆ, ಆಮೇಲೆ ಎರಡಾದದ್ದಕ್ಕೆ ಹಾಕಿದವುಗಳಲ್ಲಿ ಹೊರಗೆ. ಭ್ರೂಣಗಳನ್ನಿಡುವ ಗಾಜಿನ ತಟ್ಟೆಗಳ ಮೇಲೆ ಬರೀ ಅಂಕಿ ಇರುತ್ತಿತ್ತು, ಯಾವ ಅಂಕಿ ಯಾವ ಗುಂಪು ಎಂಬ ಪಟ್ಟಿ ಮೇಡಂ ಡ್ರಾಯರಿನಲ್ಲಿ ಬೀಗದೊಳಗಿತ್ತು. ಕಣ್ಣು ಕಟ್ಟಿದ ಎಣಿಕೆ. ಆದರೆ ತಟ್ಟೆಗಳನ್ನು ಬೆಚ್ಚನೆಯ ಪೆಟ್ಟಿಗೆಯೊಳಗೆ ಇಡುತ್ತಿದ್ದವನು ಅವನೇ. ಬೆಳಿಗ್ಗೆ ಚುಚ್ಚಿದ ಮೊದಲನೆಯ ಗುಂಪು ಮೇಲಿನ ಖಾನೆಗೆ, ಸಂಜೆ ಚುಚ್ಚಿದ ಎರಡನೆಯದು ಕೆಳಗಿನ ಖಾನೆಗೆ. ಮೂರು ದಿನ ಬಿಟ್ಟು ಅದೇ ಕೈ ಅದೇ ಖಾನೆಯಿಂದ ತೆಗೆಯುತ್ತಿತ್ತು. ಕಣ್ಣು ಕಟ್ಟಿತ್ತು, ಕೈಗೆ ಗೊತ್ತಿತ್ತು. ಬಂಗಾರದ ಕೈ.

ಮೇಡಂ ಮೆಚ್ಚಲಿ ಎಂದು ಮಾಡಿದ್ದಲ್ಲ. ಹಾಗಿದ್ದರೆ ಎಷ್ಟು ಸುಲಭವಿತ್ತು, ಬಾಲ ಅಲ್ಲಾಡಿಸಿದೆ ಎಂದು ತನ್ನನ್ನೇ ಉಗಿದುಕೊಂಡು ಸುಮ್ಮನಾಗಬಹುದಿತ್ತು. ಅವನಿಗೇ ಅದು ನಿಜವಾಗಿರಬೇಕಿತ್ತು. ಎರಡಿದ್ದಾಗಲೇ ತೀರ್ಮಾನ ಆಗಿರುತ್ತದೆ, ಒಂದು ಮರಿ, ಒಂದು ಮಾಸು, ಯಾರೂ ಏನೂ ಮಾಡಿದ್ದಲ್ಲ, ಬೆಂಚಿನ ಮೇಲೆ ಯಾರನ್ನು ಎಲ್ಲಿ ಕೂರಿಸಿದರೂ ಅಷ್ಟೇ. ಒಂಬತ್ತು ವರ್ಷ ಅವನು ಒಂದೊಂದು ಅಂಚಿನ ಕೋಶವನ್ನೂ ಹಿಡಿದು, ಸಾಕ್ಷಿ ಹೇಳು, ನನ್ನ ತಪ್ಪಲ್ಲ ಎಂದು ಹೇಳು, ಎಂದು ಕುತ್ತಿಗೆ ಹಿಸುಕಿದ್ದ. ಮೊದಲನೆಯ ವರ್ಷ ಅವನು ಇನ್ನೊಂದು ಕೆಲಸವನ್ನೂ ಮಾಡಿದ್ದ. ಹೊರಗಿನ ಕೋಶವೊಂದನ್ನು ಬಿಡಿಸಿ ಬೇರೊಂದು ಭ್ರೂಣದ ನಡುವೆ ಇಟ್ಟಿದ್ದ. ಹೊತ್ತಿಗೆ ಮುಂಚೆ ಇಟ್ಟರೆ ಅದು ಒಳಗಿನವುಗಳ ಜೊತೆ ಸೇರಿ ಒಳಗಿನದೇ ಆಗುತ್ತಿತ್ತು. ಒಂದು ದಿನ ತಡವಾಗಿ ಇಟ್ಟವು ಸೇರಲಿಲ್ಲ, ಮಧ್ಯದಲ್ಲಿ ಒಂಟಿಯಾಗಿ ಕುಗ್ಗಿ ಸತ್ತವು. ಮೇಡಂಗೆ ಅದು ಬೇಕಿರಲಿಲ್ಲ, ಪುಸ್ತಕ ಬೀರು ಸೇರಿತು. ಅವನಿಗೂ ಬೇಕಿರಲಿಲ್ಲ. ಅಲ್ಲಿ ಎಲ್ಲವೂ ಇತ್ತು, ಹೊತ್ತು ಇತ್ತು ಎನ್ನುವುದೂ, ಹೊತ್ತು ಮೀರಿತು ಎನ್ನುವುದೂ.

ನಾಲ್ಕೂಮುಕ್ಕಾಲಿಗೆ ಅವನು ಜೇಬಿನ ಹಾಳೆ ಬಿಡಿಸಿದ. ಎರಡು ಸಾಲು. ಯಾವ ತಟ್ಟೆ ಯಾವುದೆಂದು ನನಗೆ ಗೊತ್ತಿತ್ತು, ಸಂಶಯದ ಕೋಶಗಳನ್ನು ಬೇಕಾದ ಕಡೆಗೆ ಹಾಕಿದ್ದೇನೆ. ಎರಡನೆಯ ಎಣಿಕೆ ಸರಿಯಾಗಿದೆ. ಅಕ್ಷರಗಳು ಸೊಟ್ಟಗಾದವು. ಸಹಿ ಮಾತ್ರ ನೆಟ್ಟಗೆ ಬಂತು. ಮೇಡಂ ಓದಿದರು, ಮತ್ತೊಮ್ಮೆ ಓದಿದರು, ಕನ್ನಡಕ ತೆಗೆದಿಟ್ಟರು.

"ಇದು ನಿಮ್ಮ ಕೈಬರಹ ಅಂತ ನಂಬೋದೇ ಕಷ್ಟ" ಎಂದರು. "ಬೆಳಿಗ್ಗೆ ಒಂದು ಭ್ರೂಣ ಒಡೆದ್ರಂತೆ. ಆರೋಗ್ಯ ಸರಿಯಿಲ್ಲದಾಗ ಮನುಷ್ಯ ಏನೇನೋ ಬರೀತಾನೆ. ಯೋಚನೆ ಮಾಡೋದು ನನ್ನ ಕೆಲಸ ಅಲ್ವಾ? ನಿಮ್ಮಿಂದ ನಾನು ಕೇಳಿದ್ದು ಬರೀ ಕೈ."

"ಹೌದು ಮೇಡಂ" ಎಂದ. "ಅದರದೇ ತಪ್ಪು."

ಬರುವಾಗ ಮೆಟ್ಟಿಲ ತಿರುವಿನಲ್ಲಿ ಕಾಯುತ್ತಿದ್ದ ಹುಡುಗಿಯ ಕೈಗೆ ಅದೇ ಎರಡು ಸಾಲಿನ ನಕಲು ಕೊಟ್ಟ. ಅವಳು ಓದಿ "ಅಂಕಲ್" ಎಂದು ಶುರುಮಾಡಿದಳು. "ಅಂಕಲ್ ಅನ್ನಬೇಡ, ಅದನ್ನ ಕಂಡ್ರೆ ನನಗಾಗಲ್ಲ" ಎಂದು ಹೇಳಿ ಇಳಿದುಹೋದ. ಅವನಿಗೆ ಹಗುರವಾಗಿತ್ತು. ನಾಚಿಕೆಯಿಲ್ಲದಷ್ಟು ಹಗುರ. ಒಂದೊಂದು ಮೆಟ್ಟಿಲಿಗೂ ಮಗಳ ಮುಖ ಹೇಗಾಗಬಹುದು ಎಂದು ಊಹಿಸುತ್ತ ಇಳಿದ. ಕಣ್ಣು ತುಂಬಬಹುದು. ಅಪ್ಪ ಎನ್ನಬಹುದು. ಇನ್ನೂ ಮೂವತ್ಮೂರೇ, ಮನೆಯಲ್ಲೇ ಕೂತು ಪರೀಕ್ಷೆ ಕಟ್ಟಬಹುದು, ತಾನೇ ಹೇಳಿಕೊಟ್ಟರಾಯಿತು ಎಂದೆಲ್ಲ ಲೆಕ್ಕ ಹಾಕಿದ.

ಅವಳು ಉಕ್ಕಿನ ಪೆಟ್ಟಿಗೆಯ ಮುಚ್ಚಳ ತೆರೆದು ಬೆಂದ ಬಾಟಲಿಗಳನ್ನು ಹೊರತೆಗೆಯುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ. ಬರೆದದ್ದು, ಸಹಿ ಹಾಕಿದ್ದು, ಮೇಡಂ ಮುಖ, ಕೊನೆಗೆ ಪರೀಕ್ಷೆಯ ಮಾತು. ಅವಳು ಪೂರ್ತಿ ಕೇಳಿದಳು. ಬೆಕ್ಕಿನ ಚಿತ್ರ ನೋಡಿದ್ದಳಲ್ಲ, ಹಾಗೆಯೇ ತಲೆ ವಾಲಿಸಿ ಅವನನ್ನು ನೋಡಿದಳು.

"ಪರೀಕ್ಷೆಗೆಲ್ಲ ನನ್ನ ಎಳೀಬೇಡ" ಎಂದಳು. "ಎಣಿಸೋದು ನನಗೆ ಇಷ್ಟ ಆಯ್ತು, ಎಣಿಸಿದೆ. ನಿನ್ನ ಭ್ರೂಣ ಅಲ್ಲ ನಾನು, ಎತ್ತಿ ಇನ್ನೊಂದು ಕಡೆ ಇಡೋಕೆ."

"ನಾನು ನಿನಗೋಸ್ಕರ..."

"ನಿಜ ಹೇಳು. ಬರೆದಿದ್ದು ನನಗೋಸ್ಕರಾನಾ, ನಿನಗೆ ಹಗುರ ಆಗ್ಲಿ ಅಂತಾನಾ?"

ನಿನಗೋಸ್ಕರ ಎಂಬ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುವವರ ಮನೆತನ. ಆದರೆ ಅವಳು ಕಾಯುತ್ತಿದ್ದಳು, ಬಾಟಲಿಯ ಹಬೆ ಅವಳ ಮುಖದ ಮೇಲೆ ಹಾಯುತ್ತಿತ್ತು, ಮತ್ತು ಅವನು ಮೊದಲ ಸಲ ಒಳಗೆ ನಿಜವಾಗಿಯೂ ನೋಡಿದ. ಎಷ್ಟು ನೋಡಿದರೂ ಅದು ಅರ್ಧ ಈಚೆ, ಅರ್ಧ ಆಚೆ ಇತ್ತು. ಬೆನ್ನಿಗೆ ಬೆವರು ಬಂತು.

"ಗೊತ್ತಿಲ್ಲ" ಎಂದ.

ಅವಳು ನಗಲಿಲ್ಲ. ನಗುತ್ತಾಳೆಂದು ಅವನು ಕಾದ, ನಕ್ಕಿದ್ದರೆ ಇಪ್ಪತ್ತೇಳು ವರ್ಷದ್ದು ಅಲ್ಲಿಗೆ ಸಮಸಮವಾಗುತ್ತಿತ್ತು. ಅವಳು ಕೈಗವಸು ಏರಿಸಿಕೊಂಡು ಮತ್ತೆ ಬಾಟಲಿಗಳ ಕಡೆ ತಿರುಗಿದಳು.

"ಬಾಗಿಲು ಹಾಕು" ಎಂದಳು. "ಹಬೆ ಹೋಗುತ್ತೆ."

ಅವನ ಒಂದು ಕಾಲು ಹೊಸ್ತಿಲ ಈಚೆ ಇತ್ತು, ಒಂದು ಆಚೆ. ಒಳಗೆ ಬಂದು ಹಾಕಬೇಕೋ ಹೊರಗೆ ಹೋಗಿ ಹಾಕಬೇಕೋ ಅವಳು ಹೇಳಲಿಲ್ಲ. ಅವನು ಬಾಗಿಲ ಹಿಡಿ ಹಿಡಿದುಕೊಂಡು ಅಲ್ಲೇ ನಿಂತಿದ್ದ.